ಹತ್ತನೇ ಕ್ಲಾಸಿಗೆ ಬಂದಿದ್ದಾರೆ, ಮೈನಸ್ ಲೆಕ್ಕ ಬರಲ್ಲ. ಮಾರ್ಚ್ ಒಳಗೆ ಏನು ಮಾಡಲಿ?

ತುಂಗಭದ್ರಾ ಮೇಷ್ಟ್ರು · ಡಿಸೆಂಬರ್ 3, 2025

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ಜೂನ್‌ನಲ್ಲಿ ವರ್ಗವಾಗಿ ಇಲ್ಲಿಗೆ ಬಂದೆ. ಎಸ್ಸೆಸ್ಸೆಲ್ಸಿಯಲ್ಲಿ 46 ಮಕ್ಕಳಿದ್ದಾರೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ 80ಕ್ಕೆ 20 ದಾಟದವರು 21 ಜನ.

ಕಳೆದ ವಾರ ಒಬ್ಬ ಹುಡುಗನ ಪಕ್ಕ ಕೂತು ಅವನು ಲೆಕ್ಕ ಬಿಡಿಸುವುದನ್ನು ಸುಮ್ನೆ ನೋಡಿದೆ. ವರ್ಗ ಸಮೀಕರಣ. ಸೂತ್ರ ತಪ್ಪಿಲ್ಲದೆ ಬರೆದ. ಬೆಲೆಗಳನ್ನು ಸರಿಯಾಗಿ ಹಾಕಿದ. 9ಕ್ಕೆ 16 ಕೂಡಿ 25, ವರ್ಗಮೂಲ 5, ಅದೂ ಸರಿ. ಕೊನೆಗೆ ಮೇಲೆ −3 − 5, ಕೆಳಗೆ 4. ಉತ್ತರ −2 ಬರಬೇಕು. ಅವನು ಮೇಲಿನದ್ದನ್ನು +8 ಮಾಡಿ, 4ರಿಂದ ಭಾಗಿಸಿ, 2 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ಯಾಕೋ ಅಂದೆ. "ಮೈನಸ್ ಮೈನಸ್ ಪ್ಲಸ್ ಅಲ್ರೀ ಸರ್" ಅಂದ. ಗುಣಾಕಾರದ ನಿಯಮವನ್ನು ತಂದು ಇಲ್ಲಿ ಹಚ್ಚಿದ್ದಾನೆ. ಉಳಿದವರ ನೋಟ್‌ಬುಕ್‌ಗಳನ್ನೂ ಅವತ್ತು ರಾತ್ರಿ ಮನೆಗೆ ಒಯ್ದು ನೋಡಿದೆ. 14 ಮಕ್ಕಳದ್ದು ಇದೇ ತಪ್ಪು.

ನಮ್ಮ ಹೆಡ್ ಮಾಸ್ಟರ್ "ಪಾಸಿಂಗ್ ಪ್ಯಾಕೇಜ್ ಕೊಡಿ, ಆರೇಳು ಪಾಠ ಹಿಡಿದು ಅದನ್ನೇ ಮಾಡಿಸಿ" ಅನ್ನುತ್ತಾರೆ. ಪ್ರತಿ ಸಭೆಯಲ್ಲೂ ಅವರನ್ನು ಶೇಕಡಾ ಎಷ್ಟು ಅಂತಲೇ ಕೇಳುವುದು. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇಸಿಕ್ ಇಲ್ಲದೆ ಪ್ಯಾಕೇಜ್ ಯಾವುದರ ಮೇಲೆ ನಿಲ್ಲುತ್ತದೆ? ಆದರೆ ಬೇಸಿಕ್ ಹಿಡಿದರೆ ಸಿಲಬಸ್ ಮುಗಿಯಲ್ಲ.

ಇನ್ನೊಂದು ಚಿಂತೆ. ಜನವರಿಯಿಂದ ಮೆಣಸಿನಕಾಯಿ ಬಿಡಿಸುವ ಸೀಸನ್. ಆರು ಹೆಣ್ಣುಮಕ್ಕಳು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾರೆ ಅಂತ ಈಗಲೇ ಗೊತ್ತು. ಅನುಭವ ಇರುವವರು ದಯವಿಟ್ಟು ಹೇಳಿ.

ಹಾಸನದ ಅಪ್ಪ

ಬೇಸಿಕ್ ಹಿಡಿಯುವ ಕಾಲ ಮುಗೀತು ಸರ್. ಪಾಸ್ ಮಾಡಿಸಿ. ಮುಂದಿನದು ಆಮೇಲೆ ನೋಡಿಕೊಳ್ಳಬಹುದು.

ಕೆಂಪು ಶಾಯಿ

ನಾನು ದಾವಣಗೆರೆ ಕಡೆ ಗಣಿತ ಶಿಕ್ಷಕಿ, ಹಲವು ವರ್ಷದಿಂದ ಮೌಲ್ಯಮಾಪನಕ್ಕೂ ಹೋಗುತ್ತೇನೆ. ಎರಡನ್ನೂ ಜಗಳಕ್ಕೆ ಬಿಡಬೇಡಿ ಸರ್. ಮೊದಲು ಪತ್ರಿಕೆಯನ್ನು ಬಿಡಿಸಿ ನೋಡಿ.

ಈಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆ. ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು 1. ಅಂದರೆ ಒಂದು, ಎರಡು ಅಂಕದ ಪ್ರಶ್ನೆಗಳಲ್ಲೇ 32 ಅಂಕ ಇದೆ. ನಿಮ್ಮ ಆ 21 ಮಕ್ಕಳ ಜೀವ ಇರುವುದು ಅಲ್ಲಿ. ಎಲ್ಲರೂ ಪ್ರಮೇಯ, ಪ್ರಮೇಯ ಅಂತ ಓಡುತ್ತಾರೆ. ಪ್ರಮೇಯ ಬಾಯಿಪಾಠ ಮಾಡಿದ ಮಗು ಚಿತ್ರದಲ್ಲಿ ಅಕ್ಷರ ಬದಲಾದರೆ ನಿಂತುಬಿಡುತ್ತದೆ. ನಾನು ಎಷ್ಟೋ ಉತ್ತರ ಪತ್ರಿಕೆಯಲ್ಲಿ ನೋಡಿದ್ದೇನೆ. ಚಿತ್ರ ಒಂದು, ಸಾಧನೆಯ ಅಕ್ಷರಗಳು ಇನ್ನೊಂದು.

ಆಮೇಲೆ ಹಂತಕ್ಕೆ ಅಂಕ ಇದೆ. ಸೂತ್ರ ಬರೆದರೆ ಅರ್ಧ, ಬೆಲೆ ಹಾಕಿದರೆ ಅರ್ಧ, ಹೀಗೆ. ನಿಮ್ಮ ಹುಡುಗ ಆ ವರ್ಗ ಸಮೀಕರಣದಲ್ಲಿ ಪೂರ್ತಿ ಸೊನ್ನೆ ಪಡೆಯಲ್ಲ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿದ್ದೀರಾ? ಮಕ್ಕಳು "ಉತ್ತರ ತಪ್ಪಾಗುತ್ತೆ" ಅಂತ ಹೆದರಿ ಖಾಲಿ ಬಿಡುತ್ತಾರೆ. ಖಾಲಿ ಹಾಳೆಗೆ ನಾನು ಏನೂ ಕೊಡುವ ಹಾಗಿಲ್ಲ. ಒಂದು ಸಾಲಾದರೂ ಇದ್ದರೆ ಹುಡುಕಿ ಕೊಡುತ್ತೇನೆ.

ವಿಜಯಪುರ ಅತಿಥಿ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಪ್ರಶ್ನೆ ಸಂಖ್ಯೆ ಬರೆದು, ಪ್ರಶ್ನೆಯನ್ನೇ ಪೂರ್ತಿ ನಕಲು ಮಾಡಿ ಬರುವ ಮಕ್ಕಳಿದ್ದಾರೆ. ಹಾಳೆ ತುಂಬಿರುತ್ತದೆ, ಅಂಕ ಬಂದಿರಲ್ಲ.

ಅಂಕಿ ಸಂಖ್ಯೆ

ಪಾಸಿಂಗ್ ಪ್ಯಾಕೇಜ್ ಸಂಸ್ಕೃತಿಯೇ ನಮ್ಮನ್ನು ಇಲ್ಲಿಗೆ ತಂದಿದ್ದು. ಸುಮ್ಮನೆ ಫಲಿತಾಂಶ ನೋಡಿ. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ನಿಂತದ್ದು 73.40ಕ್ಕೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ತೆಗೆದರು, 62.34 ಆಯಿತು. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಲಿಲ್ಲ. ಮೊದಲೇ ಕಲಿತಿರಲಿಲ್ಲ, ಈಗ ಕಾಣಿಸಿತು ಅಷ್ಟೇ.

ಈ ವರ್ಷದಿಂದ ಒಟ್ಟು ಶೇ 33 ಸಾಕು, 625ಕ್ಕೆ 206, ಒಂದೊಂದು ವಿಷಯದಲ್ಲಿ ಕನಿಷ್ಠ ಶೇ 30 ಅಂತ ಅಕ್ಟೋಬರ್‌ನಲ್ಲಿ ಸಚಿವ ಮಧು ಬಂಗಾರಪ್ಪ ಹೇಳಿದ್ದಾರೆ. ಮೊದಲು 35 ಇತ್ತು. ಬಾಗಿಲು ಎತ್ತರ ಇಲ್ಲ ಅಂತ ಹೊಸ್ತಿಲು ಕೆತ್ತುತ್ತಾ ಹೋಗುವುದು ಎಷ್ಟು ದಿನ?

ಮೈಸೂರಮ್ಮ

ಹೊಸ್ತಿಲು ಕೆತ್ತುವುದು ಅಂತ ಹೇಳುವುದು ಸುಲಭ. ನನ್ನ ಮಗ ಹೋದ ವರ್ಷ ಪರೀಕ್ಷೆ-1ರಲ್ಲಿ ಗಣಿತ ಒಂದರಲ್ಲಿ ಹೋದ. ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ಪರೀಕ್ಷೆ-2 ಇದ್ದದ್ದಕ್ಕೆ ಬದುಕಿದೆವು. ಅದೇ ವರ್ಷ ಪಾಸ್ ಆಗಿ ಪಿಯುಗೆ ಸೇರಿದ. ಎರಡು ಮೂರು ಅಂಕಕ್ಕೆ ಒಂದು ವರ್ಷ ಕಳೆದುಕೊಳ್ಳುವ ಮಕ್ಕಳ ಮನೆ ಹೇಗಿರುತ್ತದೆ ಅಂತ ನೋಡಿ, ಆಮೇಲೆ ಮಾತಾಡಿ.

ಮೇಷ್ಟ್ರಿಗೆ ಒಂದು ಮಾತು. ನನ್ನ ಮಗನ ಶಾಲೆಯಲ್ಲಿ ಎ, ಬಿ, ಸಿ, ಡಿ ಅಂತ ಗುಂಪು ಮಾಡಿ, ಪ್ರಾರ್ಥನೆ ವೇಳೆಯಲ್ಲಿ ಡಿ ಗುಂಪಿನ ಹೆಸರು ಓದುತ್ತಿದ್ದರು. "ಇವರು ಸಂಜೆ ಉಳಿಯಬೇಕು" ಅಂತ. ಅವನು ಸಂಜೆ ಉಳಿದ. ಆದರೆ ಡಿಸೆಂಬರ್‌ನಿಂದ ಬಾಯಿಬಿಟ್ಟು ಒಂದು ಡೌಟ್ ಕೇಳಲಿಲ್ಲ. ನಾನು ಮನೆಯಲ್ಲಿ ಕೇಳಿದರೆ "ಡಿ ಗುಂಪಿನವರು ಕೇಳಿದರೆ ಎಲ್ಲರೂ ನಗ್ತಾರೆ ಅಮ್ಮ" ಅಂದ. ನೀವು ಏನು ಬೇಕಾದರೂ ಮಾಡಿ, ಆ 21 ಹೆಸರನ್ನು ಮಾತ್ರ ಗಟ್ಟಿಯಾಗಿ ಓದಬೇಡಿ.

ತುಂಗಭದ್ರಾ ಮೇಷ್ಟ್ರು

ಅಮ್ಮ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಲ್ಲಿ ಪ್ರಾರ್ಥನೆಯಲ್ಲಿ ಓದಲ್ಲ. ಆದರೆ ಸ್ಟಾಫ್ ರೂಮ್ ಬಾಗಿಲಿಗೆ ಪಟ್ಟಿ ಅಂಟಿಸಿದ್ದೇವೆ. ಮಕ್ಕಳು ದಿನಾ ಆ ಬಾಗಿಲ ಮುಂದೆಯೇ ಓಡಾಡುತ್ತಾರೆ. ನಾಳೆ ತೆಗೆಯುತ್ತೇನೆ.

ಅಂಕಿ ಸಂಖ್ಯೆ

ಅಮ್ಮ, ನಿಮ್ಮ ಮಗನ ಬಗ್ಗೆ ನಾನು ಹೇಳಿದ್ದಲ್ಲ. ಬೇಜಾರಾಗಿದ್ದರೆ ಕ್ಷಮಿಸಿ. 2024ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರು ಹೋಗಿ ಪರೀಕ್ಷೆ-1, 2, 3 ಆಗಿದ್ದು, ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು ಅನ್ನುವುದು ನನಗೂ ಇಷ್ಟ. ನಾನು ಕೇಳುವುದು ಇಷ್ಟೇ: −3 − 5 ಬರದ ಮಗು ಹತ್ತನೇ ತರಗತಿಗೆ ಹೇಗೆ ಬಂತು? ಕೆಳಗಿನ ತರಗತಿಯಲ್ಲಿ ಏನು ಕಲಿಸಿದರು?

ನಲಿಕಲಿ ಅಕ್ಕೋರು

ಈ ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ. ಹೈಸ್ಕೂಲಿನವರು ಪ್ರೈಮರಿ ಕಡೆ ಬೆರಳು ತೋರಿಸುವುದು, ಕಾಲೇಜಿನವರು ಹೈಸ್ಕೂಲ್ ಕಡೆ ತೋರಿಸುವುದು ಮೊದಲಿನಿಂದ ಇದ್ದದ್ದೇ.

ಈ ಮಕ್ಕಳು ಯಾರು ಅಂತ ಲೆಕ್ಕ ಹಾಕಿ ಸರ್. ಈಗ ಹತ್ತನೇ ತರಗತಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನಾಲ್ಕನೇ ತರಗತಿಯಲ್ಲಿದ್ದರು. ಐದನೇ ತರಗತಿಯನ್ನು ಈ ಮಕ್ಕಳು ಶಾಲೆಯ ಒಳಗೆ ಕೂತು ಓದಲೇ ಇಲ್ಲ. ವಿದ್ಯಾಗಮ ಅಂತ ಗುಡಿಕಟ್ಟೆ ಮೇಲೆ, ಸಮುದಾಯ ಭವನದಲ್ಲಿ ಕೂರಿಸಿ ಸ್ವಲ್ಪ ದಿನ ಕಲಿಸಿದೆವು. ಅದೂ ಅಕ್ಟೋಬರ್‌ನಲ್ಲಿ ನಿಂತಿತು. ಆರನೇ ತರಗತಿ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಪೂರ್ಣಾಂಕಗಳು, ಅಂದರೆ ನಿಮ್ಮ ಮೈನಸ್ ಸಂಖ್ಯೆ, ಆರನೇ ತರಗತಿಯ ಪಾಠ. ಭಾಗಾಕಾರವೇ ಮರೆತು ಬಂದ ಮಕ್ಕಳಿಗೆ ಉಳಿದ ತಿಂಗಳಲ್ಲಿ ಓಡುತ್ತಾ ಕಲಿಸಿದ್ದು ಅದು.

ನಮ್ಮ ಶಾಲೆಯಲ್ಲಿ ಐದು ತರಗತಿಗೆ ನಾವು ಇಬ್ಬರು. ಒಂದರಿಂದ ಮೂರು ಒಟ್ಟಿಗೆ ಕೂರುವ ನಲಿಕಲಿ ನನ್ನದು. ಇನ್ನೊಬ್ಬರಿಗೆ ನಾಲ್ಕು, ಐದು. ಅದರ ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಸಮೀಕ್ಷೆ. ನಾವು ಕಲಿಸಿಲ್ಲ ಅಂತ ಅನ್ನಬೇಡಿ.

ಅಂಕಿ ಸಂಖ್ಯೆ

ಅಕ್ಕೋರೆ, ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

21ರ ಬ್ಯಾಚು

ನಾನು 2021ರಲ್ಲಿ ಎಸ್ಸೆಸ್ಸೆಲ್ಸಿ. ಜುಲೈನಲ್ಲಿ ಎರಡೇ ದಿನ ಪರೀಕ್ಷೆ, ಎಲ್ಲಾ ಬಹು ಆಯ್ಕೆ, ಗುಂಡಿ ತುಂಬಿ ಬಂದೆವು. ಯಾರನ್ನೂ ಫೇಲ್ ಮಾಡಲ್ಲ ಅಂತ ಮೊದಲೇ ಹೇಳಿದ್ದರು. ಮನೆಯಲ್ಲಿ ಪೇಡಾ ಹಂಚಿದರು. ಪಿಯುನಲ್ಲಿ ಸೈನ್ಸ್ ತಗೊಂಡೆ. ಮೊದಲ ತಿಂಗಳಲ್ಲೇ ತ್ರಿಕೋನಮಿತಿ ಬಂತು. ಬೋರ್ಡ್ ಮೇಲೆ ಏನು ನಡೀತಿದೆ ಅಂತ ತಿಳಿಯದೆ ಕೂತಿದ್ದೆ. ಲೆಕ್ಚರರ್ "ಇದು ಹತ್ತನೇ ಕ್ಲಾಸಲ್ಲಿ ಆಗಿದೆ" ಅಂತ ಮುಂದೆ ಹೋದರು. ಆಗಿರಲಿಲ್ಲ. ಎರಡು ತಿಂಗಳಿಗೆ ಆರ್ಟ್ಸ್‌ಗೆ ಬದಲಾಯಿಸಿಕೊಂಡೆ.

ಹಾಸನದ ಅಣ್ಣ "ಮುಂದಿನದು ಆಮೇಲೆ" ಅಂದರಲ್ಲ, ಅದಕ್ಕೆ ಬರೆದೆ. ಆಮೇಲೆ ಯಾರೂ ನೋಡಲ್ಲ ಅಣ್ಣ.

ಹಾಸನದ ಅಪ್ಪ

ತಮ್ಮಾ, ನಿನ್ನ ಮಾತು ನಾಟಿತು. ಆದರೂ ಕೇಳುತ್ತೇನೆ, ಪಾಸೇ ಆಗದಿದ್ದರೆ ಆ ಮಗು ಪಿಯು ಬಾಗಿಲಿಗೂ ಹೋಗಲ್ಲ ಅಲ್ವಾ? ನನ್ನ ಅಣ್ಣ ಆಗಿನ ಕಾಲದಲ್ಲಿ ಇಂಗ್ಲಿಷ್‌ನಲ್ಲಿ ಹೋದ. ಮತ್ತೆ ಕಟ್ಟಲಿಲ್ಲ. ಈಗಲೂ ಎಲ್ಲಾದರೂ ಅರ್ಜಿ ತುಂಬುವಾಗ "ವಿದ್ಯಾಭ್ಯಾಸ" ಅನ್ನುವ ಕಾಲಮ್ಮಿನ ಹತ್ತಿರ ಪೆನ್ನು ನಿಲ್ಲಿಸುತ್ತಾನೆ.

ಕಿರಾಣಿ ಅಂಗಡಿ

ಬಳ್ಳಾರಿಯಿಂದ. ನಾನು ಮೇಷ್ಟ್ರಲ್ಲ, ಅಂಗಡಿ ನನ್ನದು. ಆದರೆ ಆ −3 − 5ಕ್ಕೆ ನನ್ನ ಹತ್ತಿರ ಉತ್ತರ ಇದೆ.

ಉದ್ರಿ ಪುಸ್ತಕ ತಗೊಂಡು ಹೋಗಿ ಸರ್. ನಿನ್ನೆ 3 ರೂಪಾಯಿ ಉದ್ರಿ. ಇವತ್ತು ಮತ್ತೆ 5 ರೂಪಾಯಿ ಉದ್ರಿ. ಒಟ್ಟು ಎಷ್ಟು? ಯಾವ ಮಗುವೂ "ನೀವೇ ನನಗೆ 8 ರೂಪಾಯಿ ಕೊಡಬೇಕು" ಅನ್ನಲ್ಲ. ನನ್ನ ಅಂಗಡಿಗೆ ಬರುವ ನಾಲ್ಕನೇ ಕ್ಲಾಸಿನ ಹುಡುಗಿಗೂ ಗೊತ್ತು, 8 ರೂಪಾಯಿ ಉದ್ರಿ ಅಂತ. ಕೈಯಲ್ಲಿ 10 ತಂದು 8 ತೀರಿಸಿದರೆ 2 ಉಳೀತು. 5 ತಂದರೆ ಇನ್ನೂ 3 ಉದ್ರಿ. ಅಷ್ಟೇ ಲೆಕ್ಕ.

ನಿಮ್ಮ ಪುಸ್ತಕದಲ್ಲೇ ಇದು ಇದೆ. ಋಣ ಸಂಖ್ಯೆ ಅಂತೀರಲ್ಲ, ಋಣ ಅಂದರೆ ಸಾಲ ತಾನೇ? ನನಗೆ ನಮ್ಮ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು. ಈಗ ಎಲ್ಲರೂ ಮೈನಸ್ ಅಂತಾರೆ. ಮೈನಸ್ ಅಂದರೆ ಮಗುವಿಗೆ ಒಂದು ಗೆರೆ. ಋಣ ಅಂದರೆ ಮನೆಯಲ್ಲಿ ದಿನಾ ಕೇಳುವ ಮಾತು.

ತುಂಗಭದ್ರಾ ಮೇಷ್ಟ್ರು

ಅಣ್ಣಾವ್ರೆ! ಬಿ.ಎಡ್‌ನಲ್ಲೂ ಇದನ್ನು ಯಾರೂ ನನಗೆ ಹೇಳಲಿಲ್ಲ. ಧನ, ಋಣ. ಇಷ್ಟು ವರ್ಷ ಬೋರ್ಡ್ ಮೇಲೆ ಬರೆಯುತ್ತಾ ಬಂದಿದ್ದೇನೆ, ಶಬ್ದವನ್ನು ಒಡೆದು ನೋಡಿರಲಿಲ್ಲ.

ಕೆಂಪು ಶಾಯಿ

ತುಂಬಾ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ: ಉದ್ರಿ ಲೆಕ್ಕ ಕೂಡುವ ಕಳೆಯುವುದಕ್ಕೆ ಸರಿ. ಗುಣಾಕಾರಕ್ಕೆ ಅದನ್ನು ಎಳೆಯಬೇಡಿ. ಋಣವನ್ನು ಋಣದಿಂದ ಗುಣಿಸುವುದನ್ನು ಅಂಗಡಿಯಲ್ಲಿ ತೋರಿಸಲು ಹೋದರೆ ಮಕ್ಕಳು ಮತ್ತೆ ಗೊಂದಲಕ್ಕೆ ಬೀಳುತ್ತಾರೆ. ಅದಕ್ಕೆ ಕ್ರಮ ಹಿಡಿಯಿರಿ. 2 × −3 = −6, 1 × −3 = −3, 0 × −3 = 0. ಪ್ರತಿ ಸಲ 3 ಏರುತ್ತಿದೆ. ಹಾಗಾದರೆ −1 × −3? ಅವರೇ 3 ಅಂತಾರೆ. ಎರಡೂ ಬೇರೆ ಬೇರೆ ದಿನ ಮಾಡಿ. ಒಂದೇ ದಿನ ಮಾಡಿದ್ದಕ್ಕೇ ಈ "ಮೈನಸ್ ಮೈನಸ್ ಪ್ಲಸ್" ರೋಗ ಅಂಟಿದ್ದು.

ಕಡಲ ತೀರದ ಟೀಚರ್

ದಕ್ಷಿಣ ಕನ್ನಡದಿಂದ. 2025ರಲ್ಲಿ ನಮ್ಮ ಜಿಲ್ಲೆ ಮೊದಲು, ಶೇ 91.12. ಕೊನೆಗೆ ಕಲಬುರಗಿ, 42.43. ಪ್ರತಿ ವರ್ಷ ಪತ್ರಿಕೆಯವರು ಬಂದು ಗುಟ್ಟೇನು ಅಂತ ಕೇಳುತ್ತಾರೆ. ಹೇಳುವಂಥ ಗುಟ್ಟು ಏನೂ ಇಲ್ಲ. ನಮ್ಮಲ್ಲಿ ತಾಯಂದಿರು ಹೆಚ್ಚಿನವರು ಹತ್ತನೇ ತರಗತಿಯಾದರೂ ಓದಿದವರು. ಬೀಡಿ ಕಟ್ಟಿಯಾದರೂ ಮಕ್ಕಳ ಫೀಸು ಕಟ್ಟಿದವರು. ಮಗು ಎರಡು ದಿನ ಬಾರದಿದ್ದರೆ ನಾವು ಫೋನ್ ಮಾಡುವ ಮೊದಲು ತಾಯಿಯೇ ಫೋನ್ ಮಾಡುತ್ತಾರೆ.

ನಾವು ಮಾಡುವ ಒಂದು ಕೆಲಸ ಮಾತ್ರ ಹೇಳುತ್ತೇನೆ. ಪರೀಕ್ಷೆಯಲ್ಲಿ ಮೂರು ಗಂಟೆ ಬರೆಯಲು, 15 ನಿಮಿಷ ಓದಲು ಕೊಡುತ್ತಾರೆ. ಆ 15 ನಿಮಿಷ ಏನು ಮಾಡಬೇಕು ಅಂತ ಹೆಚ್ಚಿನ ಮಕ್ಕಳಿಗೆ ಗೊತ್ತಿಲ್ಲ. ಪತ್ರಿಕೆ ಹಿಡಿದು ಬೆವರುತ್ತಾರೆ. ನಾವು ಡಿಸೆಂಬರ್‌ನಿಂದ ವಾರಕ್ಕೊಮ್ಮೆ ಓದುವುದನ್ನೇ ಅಭ್ಯಾಸ ಮಾಡಿಸುತ್ತೇವೆ. ಹಳೆಯ ಪತ್ರಿಕೆ ಕೈಗೆ, ಪೆನ್ನು ಕೆಳಗೆ. ಯಾವುದು ಬರುತ್ತದೆ, ಯಾವುದು ಅರ್ಧ ಬರುತ್ತದೆ, ಯಾವುದು ಬರುವುದೇ ಇಲ್ಲ ಅಂತ ಮನಸ್ಸಿನಲ್ಲೇ ವಿಂಗಡಿಸಬೇಕು. ಆಮೇಲೆ ಪಕ್ಕದವರಿಗೆ ಹೇಳಬೇಕು. ನಾಲ್ಕು ವಾರದಲ್ಲಿ ಹೆದರಿಕೆ ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ.

ವಿಜಯಪುರ ಅತಿಥಿ

ಟೀಚರ್, ತಾಯಂದಿರ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಕಡೆ ತಾಯಂದಿರಿಗೆ ಕಾಳಜಿ ಇಲ್ಲ ಅಂತ ಯಾರೂ ತಿಳಿಯಬಾರದು. ಓದು ಬರಲ್ಲ ಅಷ್ಟೇ. ಇನ್ನೊಂದು, ನಮ್ಮಲ್ಲಿ ವಿಷಯ ಶಿಕ್ಷಕರೇ ಇಲ್ಲದ ಶಾಲೆಗಳಿವೆ. ನಾನು ಅತಿಥಿ ಶಿಕ್ಷಕ. ಶಾಲೆ ಶುರುವಾಗುವುದು ಜೂನ್‌ಗೆ, ನನ್ನನ್ನು ಕರೆಯುವ ಹೊತ್ತಿಗೆ ಎರಡು ಪಾಠ ಮುಗಿದಿರಬೇಕಿತ್ತು. ಗೌರವಧನ ತಿಂಗಳುಗಟ್ಟಲೆ ತಡ. ಆದರೂ ಬೆಳಗ್ಗೆ 5ಕ್ಕೆ ಎದ್ದು ಹನ್ನೆರಡು ಮನೆಗೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತೇನೆ. ಶೇಕಡಾವಾರು ಪಟ್ಟಿಯಲ್ಲಿ ಇದು ಯಾವ ಕಾಲಮ್ಮಿನಲ್ಲೂ ಇರಲ್ಲ.

ಕಡಲ ತೀರದ ಟೀಚರ್

ಖಂಡಿತ ಸರ್. ನಾನು ಹಾಗೆ ಹೇಳಲಿಲ್ಲ. ನಿಮ್ಮ 5 ಗಂಟೆಯ ಫೋನ್ ದೊಡ್ಡ ಕೆಲಸ.

ಮಂಜೇಶ್ವರದವ

ಗಡಿಯಾಚೆಯಿಂದ ಒಂದು ಮಾತು. ನಾವು ಕಾಸರಗೋಡಿನ ಕನ್ನಡ ಮಾಧ್ಯಮದವರು, ಬರೆಯುವುದು ಕೇರಳದ ಎಸ್ಸೆಸ್ಸೆಲ್ಸಿ. 2025ರಲ್ಲಿ ಅಲ್ಲಿ ಶೇ 99.5 ಪಾಸ್. ಎಲ್ಲರೂ ಕಲಿತಿದ್ದಾರೆಯೇ ಅಂತ ಕೇಳಿದರೆ ನಾನು ಹೂಂ ಅನ್ನಲಾರೆ. ಎಂಟನೇ ತರಗತಿಯಿಂದಲೇ ವಿಷಯಕ್ಕೆ ಕನಿಷ್ಠ ಅಂಕ ಬೇಕು ಅನ್ನುವ ನಿಯಮ ಅಲ್ಲಿ ಈಗ ತಂದಿದ್ದಾರೆ. ನಮ್ಮ ಕಷ್ಟ ಇನ್ನೊಂದು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ಹಾಕಿದ ಉದಾಹರಣೆಗಳಿವೆ. ಟೀಚರ್ ಮಾತೇ ತಿಳಿಯದಿದ್ದರೆ ಲೆಕ್ಕ ಹೇಗೆ ತಿಳಿಯುತ್ತದೆ?

ಅಂಕಿ ಸಂಖ್ಯೆ

ಇದು ಬೇರೆಯೇ ಚರ್ಚೆ ಆಗಬೇಕು. ನೀವೇ ಒಂದು ಎಳೆ ಶುರು ಮಾಡಿ, ನಾನು ಬರುತ್ತೇನೆ.

ಎಸ್‌ಡಿಎಂಸಿ ರೈತ

ಕೊಪ್ಪಳ ಜಿಲ್ಲೆ. ಸಂಜೆ ಕ್ಲಾಸ್ ಮಾಡುವವರಿಗೆ ಹೇಳುತ್ತೇನೆ, ಮೊದಲು ಹೊಟ್ಟೆ ನೋಡಿ. ಬಿಸಿಯೂಟ ಮಧ್ಯಾಹ್ನ ಆಗಿರುತ್ತದೆ. ಸಂಜೆ ಐದರ ಮೇಲೆ ಯಾವ ಲೆಕ್ಕವೂ ತಲೆಗೆ ಹೋಗಲ್ಲ. ನಮ್ಮೂರಲ್ಲಿ ಹೋದ ವರ್ಷ ಮನೆಗೊಂದು ದಿನ ಅಂತ ಹಂಚಿಕೊಂಡೆವು. ಒಂದಿನ ಮಂಡಕ್ಕಿ, ಒಂದಿನ ಶೇಂಗಾ ಬೆಲ್ಲ, ಒಂದಿನ ಉಪ್ಪಿಟ್ಟು. ಹಾಜರಾತಿ ತಾನಾಗಿ ಏರಿತು.

ಮೈಸೂರಮ್ಮ

ಹೆಣ್ಣುಮಕ್ಕಳು ಮನೆಗೆ ಹೋಗುವುದು ಹೇಗೆ ಅಂತಲೂ ಯೋಚಿಸಿದ್ರಾ? ಬಸ್ಸು ಫ್ರೀ ಇದೆ ಸರಿ, ಸಂಜೆ ಆರರ ಮೇಲೆ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ?

ಎಸ್‌ಡಿಎಂಸಿ ರೈತ

ಅದೇ ತೊಂದರೆ ಆಗಿದ್ದು ಅಕ್ಕಾರೆ. ಆಮೇಲೆ ಸಂಜೆಯದ್ದು ಬಿಟ್ಟು ಬೆಳಗ್ಗೆ 8ಕ್ಕೆ ಮಾಡಿದೆವು. ಮಂಡಕ್ಕಿ ಹೋಗಿ ಚಹಾ ಬಂತು. ನೀವು ಹೇಳಿದ್ದು ಸರಿ, ಹೆಣ್ಣುಮಕ್ಕಳಿಗೆ ಬೆಳಗ್ಗೆಯೇ ಒಳ್ಳೆಯದು.

ನಲಿಕಲಿ ಅಕ್ಕೋರು

ಮೇಷ್ಟ್ರೆ, ಆ ಮೆಣಸಿನಕಾಯಿ ಹುಡುಗಿಯರ ಬಗ್ಗೆ ಯಾರೂ ಹೇಳಲಿಲ್ಲ. ಅವರ ಮನೆಗೆ ಹೋಗಿ. "ಮಗಳನ್ನು ಕಳಿಸಬೇಡಿ" ಅಂತ ಶುರು ಮಾಡಬೇಡಿ, ಬಾಗಿಲಲ್ಲೇ ಮಾತು ಮುಗಿಯುತ್ತದೆ. ಆ ಕೂಲಿಯಿಂದ ಮನೆಯಲ್ಲಿ ಏನು ನಡೆಯುತ್ತದೆ ಅಂತ ಮೊದಲು ಕೇಳಿ. ಆಮೇಲೆ ವಾರಕ್ಕೆ ಎರಡು ದಿನ ಶಾಲೆಗೆ ಕಳಿಸಿ ಅಂತ ಕೇಳಿ. ನಾನು ಹೀಗೆ ಕೇಳಿದಾಗ ಇಬ್ಬರು ತಾಯಂದಿರು ಒಪ್ಪಿದರು, ಒಬ್ಬರು ಅತ್ತರು, ಒಬ್ಬರು ಆಗಲ್ಲ ಅಂದರು.

ತುಂಗಭದ್ರಾ ಮೇಷ್ಟ್ರು

ಬರೆದುಕೊಂಡೆ. ಈ ಭಾನುವಾರ ಹೋಗುತ್ತೇನೆ.

ಹಾಸನದ ಅಪ್ಪ

ಒಂದು ಚಿಕ್ಕ ಪ್ರಶ್ನೆ, ಇಲ್ಲಿ ಕೇಳಬಹುದಾ? ನನ್ನ ಮಗಳು ಎಲ್ಲಾ ಓದುತ್ತಾಳೆ, ಬರೆಯಲು ಕೂತರೆ ಸಮಯ ಸಾಲಲ್ಲ. ಸಮಾಜ ವಿಜ್ಞಾನದಲ್ಲಿ ಪ್ರತಿ ಸಲ ಎರಡು ಪ್ರಶ್ನೆ ಉಳಿಯುತ್ತದೆ.

ಕೆಂಪು ಶಾಯಿ

ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆಯುತ್ತಿರಬೇಕು, ಅಲ್ವಾ? ಗೊತ್ತಿರುವುದನ್ನೆಲ್ಲ ಬರೆಯುವ ಚಟ ಜಾಣ ಮಕ್ಕಳಿಗೇ ಜಾಸ್ತಿ. ಎರಡು ಅಂಕಕ್ಕೆ ಸಾಮಾನ್ಯವಾಗಿ ನಾಲ್ಕು ಅಂಶ ಸಾಕು. ಗಡಿಯಾರ ಮುಂದೆ ಇಟ್ಟು ಬರೆಸಿ.

ಹಾಸನದ ಅಪ್ಪ

ಒಂದು ಪುಟ ಅಲ್ಲ, ಒಂದೂವರೆ. ಧನ್ಯವಾದ ಮೇಡಂ.

ತುಂಗಭದ್ರಾ ಮೇಷ್ಟ್ರು · ಜನವರಿ 18, 2026

ಮೊದಲ ಪ್ರಿಪರೇಟರಿ ಮುಗಿಯಿತು. ಏನಾಯಿತು ಅಂತ ಬರೆಯುವುದು ನನ್ನ ಕರ್ತವ್ಯ ಅನ್ನಿಸಿತು.

ಪಟ್ಟಿ ತೆಗೆದೆ. ಹೆಡ್ ಮಾಸ್ಟರ್ ಜೊತೆ ಕೂತು ಒಪ್ಪಂದ ಮಾಡಿಕೊಂಡೆ. ಅವರ ಪ್ಯಾಕೇಜ್ ದಿನದ ಪೀರಿಯಡ್‌ನಲ್ಲಿ, ನನ್ನ ಬೇಸಿಕ್ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ 40 ನಿಮಿಷ. ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. ಬರುವವರು ಬನ್ನಿ ಅಂದೆ. ಮೊದಲ ದಿನ 9 ಜನ ಬಂದರು. ಚಹಾ ಇದೆ ಅಂತ ಸುದ್ದಿಯಾದ ಮೇಲೆ 27.

ಉದ್ರಿ ಪುಸ್ತಕ ನಿಜವಾಗಿ ತಂದೆ. ನಮ್ಮೂರ ಅಂಗಡಿಯವರು ಹಳೆಯದೊಂದು ಕೊಟ್ಟರು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಹೆಸರುಗಳಿರುವ ಕಡೆ ಕಾಗದ ಅಂಟಿಸಿ ಮುಚ್ಚಿದೆ, ಯಾರ ಮನೆಯ ಸಾಲವೂ ಮಕ್ಕಳಿಗೆ ಕಾಣಬಾರದು ಅಂತ. ಒಬ್ಬ ಅಂಗಡಿಯವ, ಒಬ್ಬ ಗಿರಾಕಿ. ಮೂರು ದಿನ ಬರೀ ಇದೇ. ನಾಲ್ಕನೇ ದಿನ ಆ ವರ್ಗ ಸಮೀಕರಣದ ಹುಡುಗನಿಗೆ ಅದೇ ಲೆಕ್ಕ ಕೊಟ್ಟೆ. −3 − 5ರ ಹತ್ತಿರ ಪೆನ್ಸಿಲ್ ನಿಂತಿತು. ಬಾಯಲ್ಲಿ "ಮೂರು ಉದ್ರಿ, ಐದು ಉದ್ರಿ" ಅಂದುಕೊಂಡ. −8 ಬರೆದ. ಕೆಳಗೆ −2. ಈ ಸಲ ಗೆರೆ ಎಳೆಯುವ ಮೊದಲು ನನ್ನ ಮುಖ ನೋಡಿದ.

14 ಮಕ್ಕಳಲ್ಲಿ ಈಗ 4 ಜನಕ್ಕೆ ಮಾತ್ರ ಆ ತಪ್ಪು ಉಳಿದಿದೆ. ಪ್ರಿಪರೇಟರಿಯಲ್ಲಿ 20 ದಾಟದವರು 21 ಇದ್ದದ್ದು 12ಕ್ಕೆ ಇಳಿಯಿತು. ಹೆಡ್ ಮಾಸ್ಟರ್‌ಗೆ ಖುಷಿ. ನನಗೆ ಆ 12ರ ಚಿಂತೆ. ಅದರಲ್ಲಿ 5 ಜನಕ್ಕೆ ಪ್ರಶ್ನೆಯನ್ನು ಓದಲೇ ಸರಿಯಾಗಿ ಬರಲ್ಲ ಅಂತ ಈಗ ಗೊತ್ತಾಗಿದೆ. ಕನ್ನಡ ಮೇಡಂ ಅವರನ್ನು ತಗೊಂಡಿದ್ದಾರೆ.

ಆರು ಮನೆಗೂ ಹೋದೆ. ಅಕ್ಕೋರು ಹೇಳಿದ ಹಾಗೆಯೇ ಮಾತು ಶುರು ಮಾಡಿದೆ. ಮೂರು ಮನೆಯವರು ವಾರಕ್ಕೆ ಎರಡು ದಿನ ಕಳಿಸುತ್ತಿದ್ದಾರೆ. ಇಬ್ಬರು ಪ್ರಿಪರೇಟರಿಗೆ ಮಾತ್ರ ಬಂದರು. ಒಬ್ಬಳ ಮನೆಗೆ ಬೀಗ. ಊರು ಬಿಟ್ಟು ಗುಳೆ ಹೋಗಿದ್ದಾರೆ.

ಕಿರಾಣಿ ಅಂಗಡಿ

ಸರ್, ಹೆಸರು ಮುಚ್ಚಿದ್ದು ಓದಿ ಕಣ್ಣು ತುಂಬಿತು. ಆ ಪುಸ್ತಕದ ಕಷ್ಟ ನನಗೆ ಗೊತ್ತು.

ಕೆಂಪು ಶಾಯಿ

ಓದಲು ಬಾರದ ಐವರಿಗೆ ಕನ್ನಡ ಮೇಡಂ ಗಣಿತದ ಪ್ರಶ್ನೆಗಳನ್ನೇ ಓದಿಸಲಿ. "ಕಂಡುಹಿಡಿಯಿರಿ", "ಸಾಧಿಸಿ", "ಸುಲಭ ರೂಪಕ್ಕೆ ತನ್ನಿ", ಇಂಥ ಇಪ್ಪತ್ತು ಮಾತು ಗುರುತಾದರೆ ಪತ್ರಿಕೆ ಅರ್ಧ ತೆರೆದುಕೊಳ್ಳುತ್ತದೆ.

21ರ ಬ್ಯಾಚು

ಆ ಬೀಗ ಹಾಕಿದ ಮನೆಯ ಹುಡುಗಿ ಎಲ್ಲಿಗೆ ಹೋಗಿದ್ದಾಳೆ ಅಂತ ಗೊತ್ತಾಯ್ತಾ ಸರ್? ಪರೀಕ್ಷೆ-2 ಇದೆ, 3 ಇದೆ. ಹೆಸರು ಮಾತ್ರ ಬಿಟ್ಟುಹೋಗದ ಹಾಗೆ ನೋಡಿ.

ತುಂಗಭದ್ರಾ ಮೇಷ್ಟ್ರು

ಬೆಂಗಳೂರು ಕಡೆ, ಕಟ್ಟಡದ ಕೆಲಸಕ್ಕೆ ಅಂತ ಪಕ್ಕದ ಮನೆಯವರು ಹೇಳಿದರು. ಅವಳ ದೊಡ್ಡಪ್ಪನ ನಂಬರ್ ಸಿಕ್ಕಿತು. ಮೊನ್ನೆ ರಾತ್ರಿ ಅವಳೇ ಮಾತಾಡಿದಳು. ಪುಸ್ತಕ ಜೊತೆಗೆ ಒಯ್ದಿದ್ದಾಳೆ. ಪರೀಕ್ಷೆ ಹೊತ್ತಿಗೆ ಅಜ್ಜಿ ಮನೆಗೆ ಬಂದು ಬರೆಯುತ್ತೇನೆ ಅಂದಳು. ದಿನಾ ಎರಡು ಲೆಕ್ಕ ಫೋನಿಗೆ ಕಳಿಸುತ್ತೇನೆ ಅಂತ ಹೇಳಿದ್ದೆ. ಇವತ್ತಿನದ್ದು ಬಿಡಿಸಿ, ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದು ಫೋಟೊ ಕಳಿಸಿದ್ದಾಳೆ. ಮೊದಲನೆಯದು ಸರಿ ಇದೆ. ಎರಡನೆಯದು ಇನ್ನೂ ನೋಡುತ್ತಿದ್ದೇನೆ.